ಪ್ರಸಾದದ ಪೊಟ್ಟಣ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮೂರು ದುದ್ದದಲ್ಲಿ ದೇವರಿಗೆ ಕೆಲಸ ಜಾಸ್ತಿ. ಓದುವ ಮಕ್ಕಳಿಗಿಂತ ಅವರ ಅಮ್ಮಂದಿರದೇ ಹರಕೆ ಹೆಚ್ಚು. ಹರಕೆ ಹೊರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಸುಬ್ಬಮ್ಮ ಹರಕೆಯ ಜೊತೆಗೆ ಒಂದು ಉಪಾಯವನ್ನೂ ಹೂಡಿದಳು. ಆ ಉಪಾಯದಿಂದ ಅವಳ ಮನೆ ಏನಾಯಿತು ಅಂತ ಹೇಳುತ್ತೇನೆ, ಕೇಳಿ.

ಸುಬ್ಬಮ್ಮನ ಮಗಳು ರೂಪಶ್ರೀ ಮಠದವರು ನಡೆಸುವ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಒಳ್ಳೆಯ ಹುಡುಗಿ. ಆದರೆ ಯಾವ ರೋಗಿಗೆ ಎಷ್ಟು ಔಷಧ ಅಂತ ಲೆಕ್ಕ ಹಾಕುವ ಪೇಪರು ಅವಳಿಗೆ ಕಬ್ಬಿಣದ ಕಡಲೆ. ಅದೊಂದು ಪಾಸಾದರೆ ಅವಳು ನರ್ಸ್.

ಡೇರಿಗೆ ಹಾಲು ಹಾಕಿ ಬರುವಾಗ ಸುಬ್ಬಮ್ಮ ಪಕ್ಕದ ಮನೆಯ ಸ್ನೇಹಲತಾಳ ಕಿವಿಗೆ ವಿಷಯ ಹಾಕಿದಳು. ಸ್ನೇಹಲತಾ ಆಸ್ಪತ್ರೆಯಲ್ಲಿ ನರ್ಸ್.

“ರೂಪ ಚೀಟಿ ಬರ್ಕಂಡವ್ಳೆ ಕಣೆ ಸ್ನೇಹಾ. ಎಲ್ಲಿ ಇಟ್ಕಳದು ಅಂತ ಯೋಚ್ನೆ.”

“ಬ್ಯಾಡ ಸುಬ್ಬಕ್ಕ. ಸಿಕ್ಕಾಕಂಡ್ರೆ ಡಿಬಾರ್ ಮಾಡ್ತಾರೆ. ದಿನಾ ಸಂಜೆ ನಮ್ಮನೆಗೆ ಕಳ್ಸು, ನಾನೇ ಏಳ್ಕೊಡ್ತೀನಿ.”

“ಎಲ್ರೂ ಕಾಪಿ ಒಡೀತಾರೆ. ನನ್ ಮಗ್ಳೊಬ್ಳೇ ಸತ್ಯವಂತೆ ಆಗ್ಬೇಕಾ?”

“ನಾಳೆ ಅವ್ಳು ಒಂದು ಮಗೀಗೆ ಸೂಜಿ ಚುಚ್ಬೇಕು. ಔಷ್ದಿ ಎಷ್ಟು ಆಕ್ಬೇಕು ಅಂತ ಆ ಚೀಟಿ ಏಳ್ತದಾ?”

“ನಿಂಗೆ ಕೆಲ್ಸ ಐತೆ, ಮಾತು ಬತ್ತದೆ. ಓಗು ಅತ್ಲಾಗೆ.”

ಹೇಳಬಾರದಿತ್ತು, ಹೇಳಿಬಿಟ್ಟಳು. ಸ್ನೇಹಲತಾ ತನ್ನ ಮನೆಯ ಕಡೆ ನಡೆದಳು.

ಮಠದ ಆ ಕಾಲೇಜಿನಲ್ಲಿ ಮಕ್ಕಳು ಪರೀಕ್ಷೆಗೆ ಪ್ರಸಾದ ಕಟ್ಟಿಸಿಕೊಂಡು ಹೋಗುವುದು ವಾಡಿಕೆ. ಬಾಗಿಲಲ್ಲಿ ಜೇಬು ತಡಕುತ್ತಾರೆ, ಪೆನ್ನಿನ ಕ್ಯಾಪ್ ಕೂಡ ತೆಗೆದು ನೋಡುತ್ತಾರೆ, ಪ್ರಸಾದಕ್ಕೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಸುಬ್ಬಮ್ಮ ಹಿಡಿದುಕೊಂಡದ್ದು ಇದನ್ನೇ. ಬಾಳೆಲೆಯ ಚೂರಿನಲ್ಲಿ ಚೀಟಿ ಇಟ್ಟು, ಮೇಲೆ ಕುಂಕುಮ, ತುಳಸಿ ಹಾಕಿ, ಮಡಿಸಿ ದಾರ ಸುತ್ತಿದಳು. ರೂಪಶ್ರೀ ಪಕ್ಕದಲ್ಲೇ ಕೂತು ನೋಡಿದಳು. ಬೇಡ ಅನ್ನಲಿಲ್ಲ.

ಪರೀಕ್ಷೆಯ ದಿನ ಪೊಟ್ಟಣ ಬಾಗಿಲು ದಾಟಿತು. ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಇದ್ದವರು ಚೂಡಾಮಣಿ ಮೇಡಂ. ಅವರು ಅಂದು ಉಪವಾಸವಿದ್ದರು. ರೂಪಶ್ರೀಯ ಡೆಸ್ಕಿನ ಮೇಲೆ ಪೊಟ್ಟಣ ಕಂಡು ಹತ್ತಿರ ಬಂದರು.

“ಯಾವ ದೇವರ ಪ್ರಸಾದಮ್ಮ? ನಂಗೂ ಒಂಚೂರು ಕೊಡು” ಎಂದು ಬಲಗೈ ಒಡ್ಡಿದರು.

ಪ್ರಸಾದ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಹುಡುಗಿ ಪೊಟ್ಟಣ ಬಿಚ್ಚಲಿಲ್ಲ. ಮೇಡಂ ತಾವೇ ಪೊಟ್ಟಣ ತೆಗೆದು, ಕಣ್ಣಿಗೊತ್ತಿಕೊಂಡು, ಬಿಚ್ಚಿದರು. ತುಳಸಿಯ ಜೊತೆ ಚೀಟಿಯೂ ಬೆರಳಿಗೆ ಬಂತು. ಅವರು ಬೈಯಲಿಲ್ಲ. ಕುಂಕುಮ ಮೆತ್ತಿದ ಆ ಚೀಟಿಯನ್ನು ನೋಡುತ್ತಾ ನಿಂತರು, ಕಣ್ಣು ತುಂಬಿ ಬಂತು. ಆಮೇಲೆ ಮೇಲಿನವರಿಗೆ ಹೇಳಿ ಕಳಿಸಿದರು.

ಆ ಸಲ ಬರೆದ ಪರೀಕ್ಷೆಯೆಲ್ಲ ರದ್ದಾಯಿತು. ಮುಂದೆ ಎರಡು ವರ್ಷ ಬರೆಯುವ ಹಾಗಿಲ್ಲ ಅಂತ ಆದೇಶ ಬಂತು. ಸುಬ್ಬಮ್ಮ ಸ್ನೇಹಲತಾಳನ್ನೇ ಕರೆದುಕೊಂಡು ವಿಶ್ವವಿದ್ಯಾಲಯಕ್ಕೆ ಓಡಿದಳು, ಚೂಡಾಮಣಿ ಮೇಡಂ ಮುಂದೆ ಸೆರಗೊಡ್ಡಿದಳು.

“ತಪ್ಪು ನಂದು ತಾಯಿ, ಪೊಟ್ಟಣ ಕಟ್ಟಿದ್ದು ನಾನು. ಇದು ಮಠದ ಜಾಗ ಅಲ್ವಾ, ಒಸಿ ದಯೆ ತೋರ್ಸಿ.”

“ದಯೆ ಅಂದ್ರೆ ವಾರ್ಡಲ್ಲಿ ಮಲಗಿರೋ ರೋಗಿ ಮೇಲೂ ಇರ್ಬೇಕಲ್ವಾ ಸುಬ್ಬಮ್ಮನವ್ರೇ?” ಎಂದರು ಮೇಡಂ. “ನಾನು ನಿಮ್ಮ ಮಗಳ ಮೇಲೆ ಅನುಮಾನ ಪಟ್ಟು ಬಿಚ್ಚಲಿಲ್ಲ. ಪ್ರಸಾದ ಅಂತ ನಂಬಿ ಬಿಚ್ಚಿದೆ. ಇನ್ಮೇಲೆ ಯಾವ ಮಗು ಪ್ರಸಾದ ತಂದ್ರೂ ಬಿಚ್ಚಿ ತಡಕಬೇಕು ಅಂತ ನಿಯಮ ಬಂದಿದೆ. ಆ ಕೆಲಸ ನಂಗೇ ಕೊಟ್ಟಿದ್ದಾರೆ.”

ಸುಬ್ಬಮ್ಮನ ತಲೆ ತಗ್ಗಿತು. ಸ್ನೇಹಲತಾ ಅವಳ ಕೈ ಹಿಡಿದು ಊರಿನ ಬಸ್ಸು ಹತ್ತಿಸಿದಳು.

ಈಗ ರೂಪಶ್ರೀ ಹಸುಗಳಿಗೆ ಹುಲ್ಲು ಹಾಕುತ್ತಾಳೆ, ಒಳಗೆ ಹೋಗುತ್ತಾಳೆ. ಸ್ನೇಹಲತಾ ಬಂದು ಕರೆದರೂ ಪುಸ್ತಕ ಮುಟ್ಟುವುದಿಲ್ಲ. ಗುಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ. ಮನೆಗೆ ಯಾರಾದರೂ ಪ್ರಸಾದ ತಂದರೆ ಅವಳ ಕೈ ಮುಂದೆ ಬರುವುದಿಲ್ಲ.

“ನೀನು ಕಟ್ತಿದ್ದೆ, ನಾನು ನೋಡ್ತಾ ಕೂತಿದ್ದೆ ಕಣವ್ವ” ಎಂದಳು ಒಂದು ದಿನ. ಅಷ್ಟೇ ಅಂದದ್ದು.

ಮೊನ್ನೆ ಹಿಂದಿನ ಬೀದಿಯ ಮಲ್ಲಿಗಮ್ಮ ಬಂದು ಸುಬ್ಬಮ್ಮನ ಹತ್ತಿರ ಮೆಲ್ಲಗೆ ಕೇಳಿದಳು: “ಆ ಪೊಟ್ಟಣ ಎಂಗ್ ಕಟ್ಟಿದ್ದೆ ಸುಬ್ಬಕ್ಕ? ನಮ್ ಮಗ್ಳೂ ನರ್ಸಿಂಗೇ, ಆದ್ರೆ ಅವ್ಳದು ಮಠದ ಕಾಲೇಜಲ್ಲ. ಅಲ್ಲಿ ಯಾರೂ ಪ್ರಸಾದ ಕೇಳಕಿಲ್ಲ.”

ಸುಬ್ಬಮ್ಮ ಅಳಲು ಶುರುಮಾಡಿದಳು. “ಫೇಲಾಗಿದ್ರೆ ನನ್ ಮಗ್ಳು ಮುಂದಿನ್ ಸಲ ಬರೀತಿದ್ಲು ಮಲ್ಲಿಗಮ್ಮ. ಈಗ ಎರಡು ವರ್ಸ ಆದ್ಮ್ಯಾಕೂ ಬರೀತಾಳೋ ಇಲ್ವೋ ಗೊತ್ತಿಲ್ಲ. ದೇವ್ರಿಗೆ ಕೈ ಮುಗಿಯಾಕೂ ಆಯ್ತಿಲ್ಲ ಅವ್ಳಿಗೆ. ನಿನ್ ಮಗ್ಳನ್ನ ಸ್ನೇಹಾ ಮನೆಗೆ ಓದಾಕೆ ಕಳ್ಸು. ನಾನು ಕಳಿಸ್ನಿಲ್ಲ.”

ಮಲ್ಲಿಗಮ್ಮ ಮನೆಗೆ ಹೋಗಿ ಗಂಡನಿಗೂ ಹೇಳಿದಳು. ಅವನೂ ಒಪ್ಪಿದ. ಆ ಸಂಜೆಯಿಂದ ಅವರ ಹುಡುಗಿ ಪುಸ್ತಕ ಎದೆಗವಚಿಕೊಂಡು ಸ್ನೇಹಲತಾಳ ಮನೆಗೆ ಹೋಗುತ್ತಿದ್ದಾಳೆ. ರೂಪಶ್ರೀ ಕೊಟ್ಟಿಗೆಯಿಂದ ಅದನ್ನು ನೋಡುತ್ತಾಳೆ.

ಅಮ್ಮಂದಿರೇ, ಅಪ್ಪಂದಿರೇ, ಫೇಲಾದ ಮಗುವನ್ನು ಬೈಯಬೇಡಿ, ಇನ್ನೊಮ್ಮೆ ಕೂತು ಓದಿಸಿ. ಹೇಳಿಕೊಡುವವರು ಪಕ್ಕದ ಮನೆಯಲ್ಲೇ ಇರಬಹುದು, ನಾಚಿಕೆ ಬಿಟ್ಟು ಕೇಳಿ. ಪರೀಕ್ಷೆಗೆ ಹೊರಟ ಮಕ್ಕಳ ಕೈಗೆ ಪ್ರಸಾದ ಕೊಡಿ, ಖಂಡಿತ ಕೊಡಿ. ಯಾರಾದರೂ ಕೈಯೊಡ್ಡಿ ಕೇಳಿದರೆ ನಿಮ್ಮ ಮಗು ಹೆದರದೆ ಬಿಚ್ಚಿ ಕೊಡುವ ಹಾಗಿರಲಿ.