ಕಡ್ಡಿಯ ಸೊಂಟಕ್ಕೆ ದೊಡ್ಡದಾದ ಪಟ್ಟಿ

ಆ ಕುಸ್ತಿ ಪ್ರದರ್ಶನದಲ್ಲಿ ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದು ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರುತ್ತಿತ್ತು. ತೀರ್ಮಾನಿಸುವವನನ್ನು ಎಲ್ಲರೂ ಕಥೆಗಾರ ಎನ್ನುತ್ತಿದ್ದರು. ಬೀಳುವುದು ಮಾತ್ರ ನಿಜ. ಹಲಗೆಗೆ ಬೆನ್ನು ಬಡಿದರೆ ನೋವು ಕಾಗದ ಓದಿಕೊಂಡು ಬರುವುದಿಲ್ಲ.

ಹನ್ನೊಂದು ವರ್ಷ ಆತ ಕಡ್ಡಿ ಎಂಬ ಪೈಲ್ವಾನನನ್ನು ಕಾಗದದ ಮೇಲೆ ಸೋಲಿಸುತ್ತಲೇ ಬಂದಿದ್ದ. ಹೆಸರಿಗೆ ತಕ್ಕ ಮೈಯ ಕಡ್ಡಿ ಬಿದ್ದಷ್ಟೂ ಎದ್ದು ನಿಲ್ಲುತ್ತಿದ್ದ, ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಕೊನೆಗೊಂದು ಶನಿವಾರ ಅವನ ಕೈಯಿಂದ ಬಂಡೆ ಎಂಬ ಧಡೂತಿ ಚಾಂಪಿಯನ್ನನ್ನು ಕೆಡವಿಸಿ, ಚಾಂಪಿಯನ್ನನ ಪಟ್ಟಿಯನ್ನು ಅವನ ಸೊಂಟಕ್ಕೆ ಕಟ್ಟಿಸಿದಾಗ ಕಥೆಗಾರನೇ ಪರದೆಯ ಹಿಂದೆ ನಿಂತು ಅತ್ತುಬಿಟ್ಟಿದ್ದ. ಆಮೇಲೆ ಏಳು ಶನಿವಾರ ಕಡ್ಡಿ ಗೆದ್ದ. ಜನ ಭಾಷಣ ಮುಗಿದಾಗ ತಟ್ಟುವಂತೆ ಚಪ್ಪಾಳೆ ತಟ್ಟಿ ಮನೆಗೆ ಹೋದರು.

"ಈ ಶನಿವಾರಾನೂ ಹೀಗೇ ಆದ್ರೆ ಪಟ್ಟಿ ವಾಪಸ್ ಬಂಡೆಗೆ," ಎಂದ ಪ್ರದರ್ಶನದ ಯಜಮಾನ. "ಕಡ್ಡಿ ಬೀಳೋಕೇ ಸರಿ ಕಣಯ್ಯ."

ಕಥೆಗಾರ ಮುಖವಾಡದವನೊಬ್ಬನನ್ನು ಬರೆದ, ದ್ರೋಹ ಮಾಡುವ ಗೆಳೆಯನನ್ನು ಬರೆದ, ಮುರಿದ ಕಾಲನ್ನೂ ಬರೆದ. ಎಲ್ಲವೂ ಹಳಸಲು. ಒಬ್ಬನನ್ನು ಮೇಲೆ ಹತ್ತಿಸುವುದು ಅವನಿಗೆ ಗೊತ್ತಿತ್ತು. ಹತ್ತಿದವನನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಸುದ್ದಿ ಹೇಳಲು ಬಟ್ಟೆ ಬದಲಿಸುವ ಕೋಣೆಗೆ ಹೋದ. ಪೈಲ್ವಾನರ ಉಡುಪು ಹೊಲಿಯುವ ಕಥೆಗಾರನ ಹೆಂಡತಿ ಮೂಲೆಯಲ್ಲಿ ಮಿಷಿನ್ ತುಳಿಯುತ್ತಿದ್ದಳು. ಚಾಂಪಿಯನ್ನನಿಗೆ ಕನ್ನಡಿ, ಬೀರು ಇರುವ ಬೇರೆ ಕೋಣೆಯೇ ಇತ್ತು. ಆದರೂ ಕಡ್ಡಿಯ ಅಂಗಿ ಪಾಯಖಾನೆ ಬಾಗಿಲ ಪಕ್ಕದ ಹಳೆಯ ಮೊಳೆಯಲ್ಲೇ ತೂಗುತ್ತಿತ್ತು.

"ಇಲ್ಲ್ಯಾಕೋ ಹಾಕಿದೀಯ?"

"ಇರಲಿ ಅಣ್ಣ. ಯಾವತ್ತು ಎದ್ದು ಹೋಗು ಅಂತಾರೋ. ಆಮೇಲೆ ಎಲ್ಲರ ಮುಂದೆ ಗಂಟುಮೂಟೆ ಹೊತ್ಕೊಂಡು ಬರೋದು ಯಾಕೆ?" ಕಡ್ಡಿ ನಗುತ್ತಲೇ ಹೇಳಿದ. ಕಥೆಗಾರ ಆ ಅಂಗಿಯನ್ನೊಮ್ಮೆ ಮುಟ್ಟಿ ನೋಡಿದ.

"ಈ ಭಯಾನ ಜನರ ಮುಂದೆ ಯಾಕೆ ತೋರಿಸಲ್ಲ?"

"ನೀವೇ ತಾನೆ ಎದೆ ಸೆಟೆದು ನಡಿ ಅಂದಿದ್ದು?"

ಹೆಂಡತಿ ದಾರ ಕಚ್ಚಿ ಕತ್ತರಿಸಿದಳು. "ಪಟ್ಟಿ ಬಂಡೆ ಅಳತೇದು ರೀ. ಮೊದಲನೇ ದಿನ ಜಾರ್ತಿತ್ತು, ಇವನು ಒಂದು ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದ. ಜನ ಕಣ್ಣು ಮಿಟುಕಿಸದೆ ನೋಡ್ತಿದ್ರು. ಮರುದಿನಾನೇ ನೀವು, ಹಾಗೆ ಹಿಡ್ಕೊಂಡ್ರೆ ಚೆನ್ನಾಗಿ ಕಾಣಲ್ಲ, ಪಟ್ಟಿ ಚಿಕ್ಕದು ಮಾಡು ಅಂದ್ರಿ. ಮಾಡಿದೆ. ಈಗ ನೋಡೋಕೆ ಏನಿದೆ?"

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ. ಮೂವತ್ತು ವರ್ಷ ಜೊತೆಗಿದ್ದವಳನ್ನು ಈ ಮಹಾಶಯ ಒಮ್ಮೆಯೂ ಕೇಳಿರಲಿಲ್ಲ. ತನ್ನ ಕಾಗದಗಳನ್ನು ಹರಿದು ಹಾಕಿ, "ಪಟ್ಟಿ ಹೊಲಿಗೆ ಬಿಚ್ಚು," ಎಂದ. ಆಮೇಲೆ ಕಡ್ಡಿಗೆ ಯಜಮಾನನ ಮಾತು ಹೇಳಿದ.

ಕಡ್ಡಿಯ ನಗು ಆರಿತು. "ನಂಗೆ ಆ ಪಟ್ಟಿ ಬೇಕು ಅಣ್ಣ," ಎಂದ. ಹನ್ನೊಂದು ವರ್ಷದಲ್ಲಿ ಅವನು ಏನನ್ನಾದರೂ ಬೇಕೆಂದದ್ದು ಅದೇ ಮೊದಲು.

ಶನಿವಾರ ಕಡ್ಡಿ ಕೂದಲೆಳೆಯಲ್ಲಿ ಗೆದ್ದ. ಪಟ್ಟಿ ಕಟ್ಟಿದ ಮೇಲೆ ಚಾಂಪಿಯನ್ನನಾದವನು ಎರಡೂ ಕೈ ಎತ್ತಬೇಕು. ಅವನು ಒಂದನ್ನೇ ಎತ್ತಿದ, ಇನ್ನೊಂದು ಪಟ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದಿತ್ತು. ಚಪ್ಪಾಳೆ ಅರ್ಧಕ್ಕೇ ನಿಂತಿತು. ಎರಡನೇ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು, "ಗಟ್ಟಿಯಾಗಿ ಹಿಡ್ಕೋ ಮಗಾ, ಬಿಡಬೇಡ," ಎಂದು ಕೂಗಿದಳು. ಅವಳ ಹಿಂದೆ ಇಡೀ ಹಾಲ್ ಎದ್ದಿತು.

ಪರದೆಯ ಹಿಂದೆ ಯಜಮಾನ ತಲೆಯಾಡಿಸಿ, ಪಟ್ಟಿ ಅವನ ಹತ್ತಿರವೇ ಇರಲಿ ಎಂದು ಹೊರಟುಹೋದ.

"ಪಟ್ಟಿ ಬಿದ್ದುಹೋಗಿದ್ರೆ ಏನು ಗತಿ ಆಗ್ತಿತ್ತು?" ಕಥೆಗಾರ ಹೆಂಡತಿಯನ್ನು ಕೇಳಿದ.

"ಹೆಂಗೆ ಬೀಳುತ್ತೆ? ಚಡ್ಡಿಗೆ ಸಿಕ್ಕಿಸೋ ಹಾಗೆ ಒಳಗಡೆ ಎರಡು ಕೊಕ್ಕೆ ಹಾಕಿದೀನಿ."

"ಅವನಿಗೆ ಹೇಳಿದ್ಯಾ?"

"ಹಾಕಿದ್ದೇ ಅವನ ಮುಂದೆ. ಎಳೆದೂ ನೋಡ್ದ."

ಕಥೆಗಾರ ಕೋಣೆಯೊಳಗೆ ಇಣುಕಿದ. ಎಲ್ಲರೂ ಹೋಗಿದ್ದರು. ಕಡ್ಡಿ ಮೊಳೆಯಿಂದ ಅಂಗಿ ತೆಗೆದು ಒಂದೇ ಕೈಯಲ್ಲಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಇನ್ನೊಂದು ಕೈ ಪಟ್ಟಿಯ ಮೇಲೆಯೇ ಇತ್ತು.