ಗಾಜಿನ ಕೋಣೆಯ ಹೊಗೆ

ಸಲೂನಿನ ಕಟ್ಟಕಡೆಯಲ್ಲಿ ಒಂದು ಗಾಜಿನ ಕೋಣೆ ಇದೆ. ಅದು ನನ್ನದು. ಗುಂಗುರು ಕೂದಲನ್ನು ನೇರ ಮಾಡುವ ಸ್ಮೂದನಿಂಗ್ ನನ್ನ ಕೆಲಸ. ಕ್ರೀಮು ಹಚ್ಚಿ, ಒಣಗಿಸಿ, ಸ್ವಲ್ಪ ಸ್ವಲ್ಪವೇ ಕೂದಲು ಹಿಡಿದು ಕಾದ ಐರನ್ ಎಳೆಯಬೇಕು. ಎಳೆದಾಗಲೆಲ್ಲ ಬಿಳಿ ಹೊಗೆ ಏಳುತ್ತದೆ, ಕಣ್ಣು ಉರಿಯುತ್ತದೆ. ಗಿರಾಕಿಯ ಮೂಗಿಗೆ ಒದ್ದೆ ಬಟ್ಟೆ ಕೊಡುತ್ತೇವೆ, ಪಕ್ಕದಲ್ಲಿ ಪುಟ್ಟ ಫ್ಯಾನು ಇಡುತ್ತೇವೆ. ಫ್ಯಾನು ಹೊಗೆಯನ್ನು ಅವರ ಮುಖದಿಂದ ತಳ್ಳುತ್ತದೆ. ತಳ್ಳುವುದೆಲ್ಲಿಗೆ? ನನ್ನ ಮುಖಕ್ಕೆ.

ಮುಂದೆ ಕೂತವರಿಗೆ ವಾಸನೆ ಹೋಗಬಾರದೆಂದು ಬಾಗಿಲು ತೆಗೆಯುವ ಹಾಗಿಲ್ಲ. ಒಮ್ಮೆ ಮಾಸ್ಕ್ ಕೇಳಿದ್ದೆ.

"ನೀನು ಮಾಸ್ಕ್ ಹಾಕ್ಕೊಂಡ್ರೆ ಕಸ್ಟಮರ್ ಹೆದರ್ಕೋತಾರೆ ಕಣೇ," ಎಂದರು ಸಲೂನಿನ ಒಡತಿ ಮೇಡಂ. "ನೀನು ನನ್ ತಂಗಿ ಇದ್ದ ಹಾಗೆ. ಒಂಚೂರು ಸಹಿಸ್ಕೋ."

ತಂಗಿಯಂತೆ ತಂಗಿ!

ಜೊತೆಗಾರ್ತಿಯರು ನನ್ನನ್ನು ರೇಡಿಯೊ ಎಂದು ಕರೆಯುತ್ತಿದ್ದರು. ಅಷ್ಟು ಮಾತು. ಎರಡು ವರ್ಷ ಈ ಹೊಗೆ ಕುಡಿದು ಗಂಟಲು ಕಟ್ಟಿಹೋಯಿತು. ಗಾಜಿನಾಚೆ ಅವರು ನಗುವುದು ಕಾಣುತ್ತದೆ, ಕೇಳಿಸುವುದಿಲ್ಲ. ಊಟಕ್ಕೆ ಕೂತರೆ ದೂರ ಸರಿಯುತ್ತಾರೆ, ನನ್ನ ಬಟ್ಟೆ ನಾರುತ್ತದಂತೆ. ನನಗದೂ ಗೊತ್ತಾಗುವುದಿಲ್ಲ, ಮೂಗು ಯಾವತ್ತೋ ಸತ್ತಿದೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ. ಮೊನ್ನೆ ನನ್ನ ಫೋನು ಕೆಟ್ಟು, ಪಕ್ಕದ ಮನೆಯವರ ಫೋನಿನಿಂದ ಅಮ್ಮನಿಗೆ ಮಾಡಿದೆ.

"ಯಾರಮ್ಮಾ ನೀವು?" ಎಂದಳು ಅಮ್ಮ.

"ನಾನೇ ಕಣಮ್ಮ."

"ರಾಂಗ್ ನಂಬರ್," ಎಂದು ಇಟ್ಟೇಬಿಟ್ಟಳು.

ಹೆತ್ತವಳಿಗೇ ನನ್ನ ದನಿ ಗುರುತು ಸಿಗಲಿಲ್ಲ. ಅಳು ಬಂತು. ಅಳುವುದಕ್ಕೂ ಕೆಮ್ಮು ಬಿಡಲಿಲ್ಲ.

ಈ ಕ್ರೀಮು ಬರುವುದು ದೊಡ್ಡ ಕ್ಯಾನಿನಲ್ಲಿ. ಕ್ಯಾನಿನ ಚೀಟಿಯನ್ನು ನೀರು ಹಚ್ಚಿ ನೆನೆಸಿ, ಕೆರೆದು ತೆಗೆಯುವುದು ನಾನೇ. ಕ್ರೀಮನ್ನು ಎಲೆಯ ಚಿತ್ರದ ಚೆಂದದ ಬಾಟಲಿಗೆ ಸುರಿಯುವುದೂ ನಾನೇ. ಬಾಟಲಿಯ ಮೇಲೆ 'ಪೂರ್ತಿ ಗಿಡಮೂಲಿಕೆ' ಎಂದು ಬರೆದಿದೆ. ಎರಡು ವರ್ಷ ಚೀಟಿ ಕೆರೆದೆ, ಒಂದನ್ನೂ ಓದಿರಲಿಲ್ಲ. ನನ್ನ ದಡ್ಡತನಕ್ಕೆ ಏನನ್ನಲಿ! ಹೋದ ವಾರ ಒಂದು ಚೀಟಿ ಹರಿಯದೆ ಇಡಿಯಾಗಿ ಕಿತ್ತುಬಂತು. ಅವತ್ತು ಓದಿದೆ. ಒಣಗಿಸಿ ಚೀಲದಲ್ಲಿಟ್ಟುಕೊಂಡೆ.

ಇವತ್ತು ಒಬ್ಬ ತಾಯಿ ಹತ್ತು ವರ್ಷದ ಮಗಳನ್ನು ಕರೆತಂದಳು. ತಲೆತುಂಬ ಗುಂಗುರು. ಹಿಂದಿನ ಗಿರಾಕಿಯ ಹೊಗೆ ಕೋಣೆಯಲ್ಲಿ ಇನ್ನೂ ಇತ್ತು. ಮಗು ಕೂತ ಕೂಡಲೇ ಕಣ್ಣುಜ್ಜಿಕೊಂಡಿತು.

"ಕ್ಲಾಸಲ್ಲಿ ಎಲ್ರೂ ನನ್ನ ಪೊರಕೆ ಅಂತಾರೆ ಆಂಟಿ."

ನಾನು ಮೇಡಂ ಕಡೆ ತಿರುಗಿದೆ. "ಮಕ್ಕಳಿಗೆ ಬೇಡ ಮೇಡಂ."

"ನಿನ್ ಕೆಲ್ಸ ನೀನು ನೋಡ್ಕೋ. ಎಲ್ಲಾ ಗಿಡಮೂಲಿಕೆನೇ," ಎಂದು ಮೇಡಂ ತಾಯಿಯತ್ತ ನಕ್ಕರು.

ಸಿಟ್ಟು ನೆತ್ತಿಗೇರಿತು. ಇನ್ನೂ ಹೇಳಬೇಕೆಂದು ಬಾಯಿ ತೆರೆದರೆ ಗಂಟಲಿನಿಂದ ಬರೀ ಗೊರಗೊರ. ಚೀಲಕ್ಕೆ ಕೈಹಾಕಿದೆ. ಚೀಟಿಗೆ ನೀರು ಸವರಿ, ಮಗುವಿನ ಎದುರಿನ ಕನ್ನಡಿಗೆ ಅಂಟಿಸಿದೆ.

ಮಗು ಪಾಠ ಒಪ್ಪಿಸುವ ಹಾಗೆ ಜೋರಾಗಿ ಓದಿತು. "ಇದರ ಹೊಗೆ ವಿಷ. ಮುಚ್ಚಿದ ಕೋಣೆಯಲ್ಲಿ ಬಳಸಬಾರದು. ಮಕ್ಕಳಿಂದ ದೂರವಿಡಿ. ಯಾವುದ್ರ ಚೀಟಿ ಆಂಟಿ ಇದು?"

ನಾನು ಎಲೆಯ ಬಾಟಲಿ ತೋರಿಸಿದೆ.

ತಾಯಿ ಮಗಳ ಕೈ ಹಿಡಿದು ಹೊರಟಳು. ಮೇಡಂ ಹಲ್ಲು ಕಚ್ಚಿದರು. "ನಾಳೆಯಿಂದ ಬರ್ಬೇಡ ನೀನು." ಗಾಜಿನಾಚೆ ಎಲ್ಲರೂ ನೋಡಿದರು, ತಲೆ ತಗ್ಗಿಸಿದರು. ಒಬ್ಬಳೂ ಎದ್ದು ಬರಲಿಲ್ಲ.

ನಾನು ಬಾಗಿಲನ್ನು ಪೂರ್ತಿ ತೆರೆದು ಸ್ಟೂಲು ಅಡ್ಡ ಇಟ್ಟೆ. ಫ್ಯಾನನ್ನು ಎಲ್ಲರೂ ಕೂತಿದ್ದ ಮುಂಭಾಗದ ಕಡೆ ತಿರುಗಿಸಿದೆ. ಒಳಗಿದ್ದ ಹೊಗೆ ಅತ್ತ ನುಗ್ಗಿತು.

ಮೊದಲು ಕೂದಲು ಕತ್ತರಿಸುವವಳು ಕೆಮ್ಮಿದಳು. ಆಮೇಲೆ ಅವಳ ಗಿರಾಕಿ. ಕೊನೆಗೆ ಮೇಡಂ ಮೂಗಿಗೆ ಸೆರಗು ಹಿಡಿದರು. "ಬಾಗ್ಲು ಮುಚ್ಚೇ!"

ಮುಚ್ಚಲಿಲ್ಲ. ಕತ್ತರಿಯವಳು ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು, ಚೀಟಿ ಓದಿದಳು.

"ಎರಡು ವರ್ಷ ಇದನ್ನೇ ಕುಡಿದ್ಯೇನೇ, ರೇಡಿಯೊ?"

ಹೂಂ ಅನ್ನಲೂ ದನಿ ಬರಲಿಲ್ಲ. ತಲೆಯಾಡಿಸಿ, ಚೀಲ ಹೆಗಲಿಗೇರಿಸಿಕೊಂಡೆ.