ಯಾರಿಗೆ ಯಾವ ಜಡ್ಡು

ಇರುವೆ, ಚಹಾ ಕಪ್ಪಿನ ಕೆಳಗಿನ ಬಸಿಯ ಅಂಚು ಹಿಡಿದು ಒಂದು ಸುತ್ತು ಹಾಕಿ ನಿಂತಿದೆ, ಇರುವೆ ಬಂತೆಂದಮೇಲೆ ಚಹಾದಲ್ಲಿ ಸಕ್ಕರೆ ಇದೆ, ಸಕ್ಕರೆ ಇದೆ ಎಂದಮೇಲೆ ಅಕ್ಕನಿಗೆ ತನ್ನ ಜಡ್ಡೆಂದು ತಾನು ಹೇಳಿದ್ದು ಸಕ್ಕರೆ ಕಾಯಿಲೆಯಲ್ಲ, ಹಾಗಾದರೆ ಕಣ್ಣು ಹಳದಿಯಾಗುವ ಕಾಮಣಿಯೇ ಇರಬೇಕು — ನಾಗಲಿಂಗನಿಗೆ ಜೀವ ಹಗುರಾಯಿತು, ಒಂದು ಇರುವೆಯಿಂದ ಇಷ್ಟು ತಿಳಿಯಿತಲ್ಲ, ಆದರೆ ಕಾಮಣಿಯಾದರೆ ಬಾಜೂಕೆ ಈ ಮಿರ್ಚಿ ಭಜಿ ಯಾಕೆ, ಕಾಮಣಿ ಆದವನಿಗೆ ಯಾರಾದರೂ ಕರಿದದ್ದು ತಿನ್ನಿಸುತ್ತಾರೆಯೇ, ಉಳಿದದ್ದು ಟೀಬಿ, ಟೀಬಿ ಎಂದರೆ ಕೆಮ್ಮಬೇಕು, ಖಾನಾಪುರ ಸ್ಟ್ಯಾಂಡಿನಲ್ಲಿ ಇಳಿದಾಗಿನಿಂದ ಒಮ್ಮೆಯೂ ಕೆಮ್ಮಿಲ್ಲ, ಎಂಥ ಹುಚ್ಚ, ಕೆಮ್ಮಿದ, ಒಳಗಿನಿಂದ ಅಕ್ಕ ಭರಮವ್ವ, ಯಾಕೋ ನಾಗ್ಯಾ, ಭಜಿ ಖಾರ ಆತೇನ, ಅವನಿನ್ನೂ ಭಜಿ ಮುಟ್ಟಿಯೇ ಇಲ್ಲ.

ಚೀಟಿ ಇತ್ತು, ಸ್ಪೇರ್ ಪಾರ್ಟಿನ ಬಿಲ್ಲಿನ ಹಿಂಬದಿಗೆ ನೀಟಾಗಿ ಬರೆದುಕೊಂಡಿದ್ದ, ಯಾರಿಗೆ ಯಾವ ಜಡ್ಡು ಹೇಳಿದ್ದೇನೆ ಎಂದು, ಮನೆ ಮಾಲೀಕರಿಗೆ ಇದು, ಗ್ಯಾರೇಜಿನ ಪದ್ಮಾಕರನಿಗೆ ಇದು, ಅಕ್ಕನಿಗೆ ಇದು, ಆ ಚೀಟಿ ಈಗ ಬೆಳಗಾವಿಯ ಆಟೋ ನಗರದಲ್ಲಿ, ಗ್ಯಾರೇಜಿನ ಮೊಳೆಗೆ ತೂಗುಹಾಕಿದ ಗ್ರೀಸು ಮೆತ್ತಿದ ಅಂಗಿಯ ಎಡಕಿಸೆಯಲ್ಲಿದೆ, ಕಿಸೆಗೆ ಗುಂಡಿ ಇಲ್ಲದ್ದು ಕೂಡ ನೆನಪಿದೆ, ಬೇಕಾದದ್ದೊಂದು ಬಿಟ್ಟು ಎಲ್ಲ ನೆನಪಿದೆ, ಡಾಕ್ಟರು ಹೇಳಿದ್ದರು, ಎಚ್‌ಐವಿ ಬರೇ ರಕ್ತದಾಗ ಇರೂದಿಲ್ಲ ನಾಗಲಿಂಗ, ತಲಿಗೂ ಏರತೈತಿ, ಮರವು ಬರತೈತಿ, ಕೈ ಹಿಡತ ತಪ್ಪತೈತಿ, ಎಲ್ಲಾ ಬರದಿಟ್ಕೋ — ಬರೆದಿಟ್ಟ, ಬರೆದಿಟ್ಟದ್ದನ್ನು ಜೊತೆಗೆ ಒಯ್ಯಬೇಕು ಎಂಬುದನ್ನು ಎಲ್ಲಿ ಬರೆದಿಡಬೇಕೆಂದು ಅವರು ಹೇಳಲಿಲ್ಲ. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಗೇರ್‌ಬಾಕ್ಸು ಬಿಚ್ಚಿ ಕೂಡಿಸಿದ ಕೈ, ಮೊನ್ನೆ ಕೂಡಿಸಿ ಮುಗಿಸಿದ ಮೇಲೆ ಮೂರು ನಟ್ಟು ಉಳಿದವು, ಪದ್ಮಾಕರ ಅಂಗೈಯಲ್ಲಿ ಹಿಡಿದು ನೋಡಿ, ನಾಗಲಿಂಗಣ್ಣಾ, ಕಂಪನಿಯವರು ಇವನ್ನ ಚಂದಕ್ಕ ಹಾಕಿದ್ರೇನ ಎಂದ, ಒಳ್ಳೆಯವನು, ಟೀಬಿ ಎಂದಾಗಲೂ ಕೆಲಸ ಬಿಡಿಸಲಿಲ್ಲ, ಒಂದು ಚಹಾ ಗ್ಲಾಸಿನ ಅಂಚಿಗೆ ಕೆಂಪು ಪೇಂಟು ಬಳಿದು ಕಿಟಕಿಯಲ್ಲಿ ಬೇರೆ ಇಟ್ಟ, ಬ್ಯಾಸರ ಮಾಡ್ಕೋಬ್ಯಾಡ, ಇದು ನಿಂದು — ಹಾಂ, ಟೀಬಿ ಪದ್ಮಾಕರನದು, ಕೆಂಪು ಗ್ಲಾಸೇ ಸಾಕ್ಷಿ, ಸುಮ್ಮನೆ ಕೆಮ್ಮಿಬಿಟ್ಟೆ.

ಬೆರಳಿಗೆ ದಾರ ಕಟ್ಟಿಕೊಂಡು ಬಂದಿದ್ದಾನೆ, ದಾರ ಎಂದರೆ ಮಗಳು ಪೂನಮ್, ಅದೊಂದು ಮರೆತಿಲ್ಲ, ಹೆಂಡತಿ ಮಾಯಕ್ಕ ಇದೇ ಜಡ್ಡಿನಲ್ಲಿ ಹೋಗಿ ವರ್ಷವಾಯಿತು, ಮಗಳಿಗೆ ಹನ್ನೊಂದು, ಅವಳ ರಕ್ತದಲ್ಲಿ ಏನೂ ಇಲ್ಲ, ಎರಡು ಸಲ ನೋಡಿಸಿದ್ದಾನೆ, ತಾನು ಪೂರಾ ಮರೆಯುವ ಮೊದಲು ಅವಳನ್ನು ಅಕ್ಕನ ಕೈಗೆ ಒಪ್ಪಿಸಬೇಕು, ಖರೇ ಗೊತ್ತಾದರೆ ಇಂಥ ಮನೆಯ ಕೂಸನ್ನು ಯಾರು ಒಳಗೆ ಕರೆಯುತ್ತಾರೆ, ಕರೆದರೂ ಕಿಟಕಿಯಲ್ಲಿ ಅವಳಿಗೊಂದು ಕೆಂಪು ಗ್ಲಾಸು — ಅಂಜಿಕೆಯಾಯಿತು, ಖರೇವಂದ್ರೂ ಅಂಜಿಕೆ, ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ಎದುರಿಗೆ ಕೂತಳು, ಚಾ ಯಾಕ ಕುಡಿಯವಲ್ಲಿ, ಅಕ್ಕಾ, ನನಗ ಸಕ್ಕರಿ ಜಡ್ಡ ಅಲ್ಲಲಾ, ಅವನು ಕೇಳಿದ, ಅಲ್ಲಪಾ, ಕಾಮಣಿನೂ ಅಲ್ಲಲಾ, ಅದೂ ಅಲ್ಲ, ಅಕ್ಕನ ತುಟಿಯಲ್ಲಿ ನಗೆ, ಗಣಪತಿ ಹಬ್ಬಕ್ಕ ಬಂದು ಸಕ್ಕರಿ ಅಂದಿ, ದೀಪಾವಳಿಗೆ ಬಂದು ಇಲ್ಲೇ ಕುಂತು ಎಲ್ಲಾ ಖರೇ ಹೇಳಿ ಅತ್ತಿ, ಮರತೇನ, ಚಾಕ್ಕೂ ಭಜಿಗೂ ಪಥ್ಯ ಇಲ್ಲಂತ ನೀನ ಹೇಳಿದಿ, ಪೂನಮನ್ನ ಕಳಸು ಅಂತ ನಾ ಅಂದಿದ್ದೆ, ಸಾಲಿಗೆ ಹೆಸರೂ ಹಚ್ಚೇನಿ, ಇದು ಮೂರನೇ ಸಲ ಕೇಳಾಕ ಬಂದೀಯೋ ನಾಗ್ಯಾ, ಪ್ರತಿ ಸಲಾನೂ ಹೂಂ ಅಂದೇನಿ.

ಮೂರು ಸಲ, ಮೂರು ಸಲ ಬಸ್ಸು ಹತ್ತಿ, ಮೂರು ಸಲ ಅಂಜಿ, ತಾನೇ ಬಿಚ್ಚಿಟ್ಟ ಗುಟ್ಟನ್ನು ತಾನೇ ಕಾಯುತ್ತ, ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು, ಕಪ್ಪು ಎತ್ತಿದರೆ ಹಿಡಿತ ತಪ್ಪಿ ಚಹಾ ತುಳುಕಿತು, ತಾ ಇಲ್ಲೆ, ಅಕ್ಕ ಇರುವೆಯನ್ನು ಊದಿ ಚಹಾ ಬಸಿಗೆ ಸುರಿದು ಅವನ ತುಟಿಗೆ ಹಿಡಿದಳು, ಅರ್ಧ ಕುಡಿದ, ಉಳಿದರ್ಧವನ್ನು ಅವಳು ಅದೇ ಬಸಿಯಿಂದ, ಅದೇ ಅಂಚಿನಿಂದ, ಸೊರ್ ಎಂದು ಎಳೆದು, ಸಕ್ಕರಿ ಜಾಸ್ತಿ ಆತು ಎಂದಳು — ಇದನ್ನು ಬರೆದಿಡಬೇಕು, ಮತ್ತೆಲ್ಲ ಹೋದರೂ ಹೋಗಲಿ, ಇದನ್ನು, ಪೆನ್ನು ಎಲ್ಲಿ, ಬಸಿಯ ಅಂಚು, ಒದ್ದೆ ಅಂಚು, ಸುತ್ತ ನೋಡಿದ, ಬಿಳಿ, ಬಿಳಿ, ಎಲ್ಲೂ ಕೆಂಪಿಲ್ಲ